ಕಾಕಾಸುರನ ಅರ್ಧ ಪಾಠ

ಚಿಕ್ಕತೊರೆಪಾಳ್ಯದ ಭದ್ರಮ್ಮನಿಗೂ ಅವಳ ಗಂಡ ಚೆಲುವಯ್ಯನಿಗೂ ನಡೆದ ಕೊನೆಯ ಜಗಳ ಕಜ್ಜಾಯದ ಮೇಲೆ. ಹೋದ ವರ್ಷ, ದೀಪಾವಳಿಯ ಮರುದಿನ. ಚೆಲುವಯ್ಯನಿಗೆ ಸಕ್ಕರೆ ಕಾಯಿಲೆ. ಸಿಹಿಯನ್ನು ಕಣ್ಣೆತ್ತಿಯೂ ನೋಡಬಾರದು ಎಂದು ಮಾಗಡಿಯ ಡಾಕ್ಟರು ಹೇಳಿದ್ದರು. ಭದ್ರಮ್ಮ ಡಾಕ್ಟರ ಮಾತನ್ನು ಇದ್ದ ಹಾಗೇ ನಂಬಿ ಕಜ್ಜಾಯದ ಡಬ್ಬಿಯನ್ನು ಅಟ್ಟದ ಮೇಲೆ, ಕಣ್ಣಿಗೆ ಬೀಳದ ಕಡೆ ಇಟ್ಟಳು. ಚೆಲುವಯ್ಯ ಮೂಗಿನಿಂದ ನೋಡಿದ. ಮಧ್ಯಾಹ್ನ ಅವಳು ಶಾಲೆಯ ಅಡುಗೆ ಮುಗಿಸಿ ಬರುವ ಹೊತ್ತಿಗೆ ಏಣಿಯ ಮೇಲೆ ಅರ್ಧ ಹತ್ತಿದ್ದ. ಅವಳು ಏಣಿ ಹಿಡಿದು ಅಲ್ಲಾಡಿಸಿ ಇಳಿಸಿದಳು. ಡಬ್ಬಿಯನ್ನು ಅವನ ಎದುರಿಗೇ ತೆಗೆದು ಅಕ್ಕಪಕ್ಕದ ಮನೆಗಳಿಗೆ ಹಂಚಿ ಬಂದಳು.

"ಇವತ್ತಿಂದ ನಿನ್ ಕೈಲಿ ಏನೂ ತಿನ್ನಕಿಲ್ಲ ಕಣಮ್ಮಿ. ನೋಡ್ತಿರು" ಎಂದ ಚೆಲುವಯ್ಯ. ಕುರಿ ಹೊಡೆದುಕೊಂಡು ಕೆರೆ ಏರಿಯ ಕಡೆ ಹೋದ. ಹೊಂಗೆ ಮರದ ಕೆಳಗೆ ಕೂತ. ಸಂಜೆ ಕುರಿಗಳು ಮಾತ್ರ ಬಂದವು. ಹೋಗಿ ನೋಡಿದರೆ ಅವನು ಕೂತ ಹಾಗೇ ಇದ್ದ, ಎದೆ ನಿಂತಿತ್ತು. ಆಡಿದ ಮಾತಿಗೆ ತಪ್ಪದ ಮನುಷ್ಯ ಎಂದು ಊರು ಅವನನ್ನು ಹೊಗಳುತ್ತಿತ್ತು. ಆ ಮಾತಿಗೂ ತಪ್ಪಲಿಲ್ಲ.

ಹನ್ನೊಂದನೆಯ ದಿನ ಎಡೆ ಇಟ್ಟಾಗ ಕಾಗೆ ಬಂತು, ಚೆನ್ನಾಗಿಯೇ ತಿಂತು. ನೆಂಟರೆಲ್ಲ ಸಮಾಧಾನವಾಗಿ ಊಟಕ್ಕೆ ಕೂತರು. ಭದ್ರಮ್ಮನಿಗೆ ಮಾತ್ರ ಆಗಲಿಲ್ಲ. ಯಾಕೆಂದರೆ ಅವತ್ತಿನ ಅಡುಗೆ ಕುದೂರಿನಿಂದ ಕರೆಸಿದ್ದ ಅಡುಗೆಯವರದು. ಅವಳ ಕೈಯದಲ್ಲ. ಚೆಲುವಯ್ಯ ಸತ್ತ ಮೇಲೂ ಲೆಕ್ಕ ತಪ್ಪಿಲ್ಲ, ಇವನು ಬೇರೆಯವರ ಕೈಯದು ತಿಂದು ನನ್ನ ಹೊಟ್ಟೆ ಉರಿಸುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಪಕ್ಷಕ್ಕೆ ಕಾದಳು.

ಪಕ್ಷ ಅಂದರೆ ಹಿರಿಯರ ಹಬ್ಬ. ದಸರೆಗೆ ಮುಂಚಿನ ಅಮಾವಾಸ್ಯೆಯ ದಿನ ಪಾಳ್ಯದ ಪ್ರತಿ ಮನೆಯಲ್ಲೂ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸುತ್ತಾರೆ. ಒಂದು ಎಲೆ ಒಳಗೆ ಫೋಟೋದ ಮುಂದೆ, ಇನ್ನೊಂದು ಮಾಳಿಗೆಯ ಮೇಲೆ. ಸತ್ತವರು ಕಾಗೆಯಾಗಿ ಬಂದು ಮಾಳಿಗೆಯ ಎಲೆ ಮುಟ್ಟಬೇಕು. ಮುಟ್ಟುವ ತನಕ ಮನೆಯವರು ಯಾರೂ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಈ ಸಲ ಚೆಲುವಯ್ಯನ ಮೊದಲ ಪಕ್ಷ. ಭದ್ರಮ್ಮನ ಸ್ವಂತ ಕೈಯಡುಗೆ, ಕಜ್ಜಾಯ ಸಮೇತ. ತಿಂದರೆ ಕೋಪ ಹೋಯಿತು ಅಂತ. ತಿನ್ನದಿದ್ದರೆ ಏನಂತ ಎಂದು ಅವಳು ಯೋಚನೆ ಮಾಡಲು ಹೋಗಲಿಲ್ಲ.

ಭದ್ರಮ್ಮ ಪಾಳ್ಯದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅಡುಗೆ ಕೋಣೆಯ ಕಿಟಕಿ ಐದನೇ ಕ್ಲಾಸಿನ ಕಡೆಗೆ ತೆರೆಯುತ್ತದೆ. ಹೀಗಾಗಿ ವರ್ಷಾ ವರ್ಷ ಐದನೇ ಕ್ಲಾಸು ಓದುತ್ತಾ ಬಂದಿದ್ದಾಳೆ. ಜೂನ್‌ನಲ್ಲಿ ಮಾಗಡಿಯಿಂದ ಸುಮನಾ ಮಿಸ್ಸು ಬಂದ ಮೇಲೆ ಅವಳಿಗೆ ಸಾಂಬಾರಿನ ಮೇಲೆ ಗಮನ ಕಡಿಮೆಯಾಯಿತು, ಏಕೆಂದರೆ ಮಿಸ್ಸು ಕಥೆ ಹೇಳುತ್ತಿದ್ದರು. ಅವರಿಗೆ ಯಾವುದೋ ತರಬೇತಿಯಲ್ಲಿ, ಪುರಾಣವನ್ನು ಮಕ್ಕಳ ಸುತ್ತಮುತ್ತಲಿನ ಜಾಗಕ್ಕೆ ಜೋಡಿಸಿ ಹೇಳಿ, ಮಕ್ಕಳು ಕೇಳಿ ಮರೆಯಬಾರದು, ಮಾಡಿ ಕಲಿಯಬೇಕು ಎಂದು ಹೇಳಿಕೊಟ್ಟಿದ್ದರು. ಮಿಸ್ಸು ಅದನ್ನು ಮನಸ್ಸಿಟ್ಟು ಪಾಲಿಸಿದರು. ಮಕ್ಕಳೂ ಪಾಲಿಸಿದರು, ತೊಂದರೆಯಾದದ್ದು ಅಲ್ಲೇ.

ಹಬ್ಬಕ್ಕೆ ಒಂದು ವಾರ ಇರುವಾಗ, ಶನಿವಾರದ ಬೆಳಗಿನ ಶಾಲೆಯಲ್ಲಿ ಮಿಸ್ಸು ಕಾಕಾಸುರನ ಕಥೆ ತೆಗೆದರು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲೇ ನಡೆದದ್ದು ಎಂದು ಜನ ನಂಬುತ್ತಾರೆ ಎಂದರು. ವನವಾಸದಲ್ಲಿ ರಾಮ ಸೀತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಕಾಗೆಯ ರೂಪದ ಅಸುರ ಬಂದು ಸೀತೆಯನ್ನು ಕುಕ್ಕುತ್ತಾನೆ. ಗಂಡನಿಗೆ ಎಚ್ಚರವಾದೀತೆಂದು ಅವಳು ಅಲ್ಲಾಡುವುದಿಲ್ಲ. ರಕ್ತ ಹರಿದು ರಾಮನಿಗೆ ಎಚ್ಚರವಾಗುತ್ತದೆ. ಸಿಟ್ಟಿನಲ್ಲಿ ಒಂದು ದರ್ಭೆಯ ಕಡ್ಡಿ ಕಿತ್ತು ಮಂತ್ರ ಹಾಕಿ ಬಿಡುತ್ತಾನೆ.

"ಹುಲ್ಲುಕಡ್ಡೀನಾ ಮಿಸ್?" ಎಂದಳು ನವ್ಯಶ್ರೀ. ಅವಳು ಶಾಲಾ ಸಮಿತಿಯ ಅಧ್ಯಕ್ಷ ಮಾಯಣ್ಣನ ಮಗಳು, ಅಪ್ಪನ ಹಾಗೇ ಯಾವುದನ್ನೂ ಒಂದೇ ಸಲಕ್ಕೆ ಒಪ್ಪುವವಳಲ್ಲ.

"ಹೌದು. ಮಂತ್ರ ಹಾಕಿದ್ದರಿಂದ ಬ್ರಹ್ಮಾಸ್ತ್ರ ಆಯಿತು."

"ಚಾರ್ಜ್ ಮಾಡ್ದಂಗೆ."

ಮಿಸ್ಸು ಒಂದು ಕ್ಷಣ ಯೋಚಿಸಿ, ಹಾಗೇ ಅಂದುಕೊ ಎಂದರು. ಕಡ್ಡಿ ಅಟ್ಟಿಸಿಕೊಂಡು ಹೋಯಿತು, ಕಾಗೆ ಮೂರು ಲೋಕ ಸುತ್ತಿತು, ಯಾರೂ ಬಾಗಿಲು ತೆಗೆಯಲಿಲ್ಲ. ನವ್ಯಶ್ರೀಯ ಪಕ್ಕದಲ್ಲೇ ಕೂರುವ ಮಿಸ್ಬಾ, ಆ ಕಾಗೆ ಪೊಲೀಸ್ ಸ್ಟೇಷನ್ನಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದಳು. ಮೊದಲು ತಪ್ಪು ಮಾಡಿದ್ದು ಅದೇ ಅಲ್ಲವಾ, ಹೋದರೆ ಒಳಗೆ ಹಾಕುತ್ತಾರೆ ಎಂದು ನವ್ಯಶ್ರೀ ವಿವರಿಸಿದಳು. ರಾಮದೇವರ ಬೆಟ್ಟದಲ್ಲಿ ಇವತ್ತಿಗೂ ಕಾಗೆ ಸುಳಿಯುವುದಿಲ್ಲ ಅನ್ನುತ್ತಾರೆ ಎಂದು ಮಿಸ್ಸು ಹೇಳುವುದಕ್ಕೂ ಲಾಂಗ್ ಬೆಲ್ ಹೊಡೆಯುವುದಕ್ಕೂ ಸರಿಹೋಯಿತು. ಬಸ್ಸಿನ ಹೊತ್ತು. ಉಳಿದದ್ದು ಸೋಮವಾರ ಎಂದು ಮಿಸ್ಸು ಓಡಿದರು. ಕಿಟಕಿಯ ಆಚೆ ಭದ್ರಮ್ಮ ಸೌಟು ಹಿಡಿದು ನಿಂತೇ ಇದ್ದಳು. ಉಪ್ಪಿಟ್ಟು ತಳ ಹಿಡಿದಿತ್ತು.

ಸೋಮವಾರ ಮಿಸ್ಸು ಬರಲಿಲ್ಲ. ಅವರನ್ನು ಮತ್ತೊಂದು ತರಬೇತಿಗೆ ಹಾಕಿದ್ದರು, ವಾರವಿಡೀ. ಕಾಗೆ ಮೂರು ಲೋಕದಲ್ಲಿ ಹಾರುತ್ತಲೇ ಉಳಿಯಿತು.

ಐದನೇ ಕ್ಲಾಸಿನವರು ಸುಮ್ಮನೆ ಕೂರುವವರಲ್ಲ. ಬೆಟ್ಟದಿಂದ ಓಡಿಸಿದ ಮೇಲೆ ಕಾಕಾಸುರನ ಕಡೆಯವರು ಎಲ್ಲಿಗೆ ಹೋಗಿರಬೇಕು? ನವ್ಯಶ್ರೀ ಕಿಟಕಿಯಾಚೆ ಕೈ ತೋರಿಸಿದಳು. ಅಡುಗೆ ಕೋಣೆಯ ಹಿಂದಿನ ಬೇವಿನ ಮರದಲ್ಲಿ ಸಾಲಾಗಿ ಕಾಗೆಗಳು, ಭದ್ರಮ್ಮ ಹಾಕುವ ಮುಸುರೆ ಅನ್ನಕ್ಕೆ ಕಾಯುತ್ತಿದ್ದವು. ರಾಮನಗರದಿಂದ ಹಾರಿದರೆ ಮಾಗಡಿ ಕಡೆಗೇ ಬರಬೇಕು, ಮಾಗಡಿ ಕಡೆಗೆ ಬಂದರೆ ಪುಕ್ಕಟೆ ಅನ್ನ ಸಿಗುವ ಕಡೆಯೇ ಇಳಿಯಬೇಕು. ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ.

ಮೊದಲ ದಿನ ಹುಲ್ಲುಕಡ್ಡಿ ಎಸೆದರು. ಮಂತ್ರ ಗೊತ್ತಿಲ್ಲದ್ದರಿಂದ ಹದಿನಾಲ್ಕರ ಮಗ್ಗಿ ಹೇಳಿ ಎಸೆದರು, ಅದು ಕ್ಲಾಸಿನಲ್ಲಿ ಎಲ್ಲರಿಗೂ ಭಯ ಹುಟ್ಟಿಸುವ ಮಗ್ಗಿ. ಕಾಗೆಗಳು ಹೆದರಲಿಲ್ಲ. ಎರಡನೇ ದಿನ ಬಿಸಿಯೂಟದ ತಟ್ಟೆ ಲೋಟ ಬಡಿದುಕೊಂಡು ಮರದಿಂದ ಮರಕ್ಕೆ ಅಟ್ಟಿದರು. ಕಾಗೆಗಳು ಎದ್ದು ಹಾರಿ, ಇವರು ಊಟಕ್ಕೆ ಹೋದ ಮೇಲೆ ಬಂದು ಕೂತವು. ಆಗ ನವ್ಯಶ್ರೀಗೆ ಅವಳ ಅಪ್ಪನ ಕಡಲೆಕಾಯಿ ಹೊಲ ನೆನಪಾಯಿತು. ಹೊಲಕ್ಕೆ ಕಾಗೆ ಬೀಳದಿರಲಿ ಎಂದು ಮಾಯಣ್ಣ ಸತ್ತ ಕಾಗೆಯ ಹಾಗೆ ಕರಿ ಬಟ್ಟೆಯ ಗಂಟು ಕಟ್ಟಿ ಗಳಕ್ಕೆ ತಲೆಕೆಳಗಾಗಿ ನೇತು ಹಾಕುತ್ತಾನೆ. ಒಂದು ಕಂಡರೆ ಸಾಕು, ಕಾಗೆ ಆ ಕಡೆ ತಲೆ ಹಾಕುವುದಿಲ್ಲ. ಹೊಲಕ್ಕೆ ಒಂದು ಸಾಕಾದರೆ ಊರಿಗೆ ಎಷ್ಟು ಬೇಕು? ಮಾಯಣ್ಣನ ಮನೆಯ ಮೂಲೆಯಲ್ಲಿ ಮಡಿಸಿಟ್ಟಿದ್ದ ಕರಿ ಕಂಬಳಿ ಮಾಯವಾಯಿತು. ಪೊರಕೆ ಕಡ್ಡಿಯ ಕೊಕ್ಕು, ಕಂಬಳಿಯ ರೆಕ್ಕೆ. ಹೊಲಿಗೆ ಮಿಸ್ಬಾಳದು, ಅವಳ ಅಮ್ಮ ಟೈಲರು. ಕಣ್ಣಿಗೆ ಗುಂಡಿ ಬೇರೆ ಹಚ್ಚಿದಳು, ಒಂದಕ್ಕೊಂದು ಬಣ್ಣ ಹೊಂದುವ ಹಾಗೆ.

ಗುರುವಾರದ ಹೊತ್ತಿಗೆ ಊರಿನ ಪ್ರತಿ ಮರದಿಂದಲೂ ಒಂದೊಂದು ಕಂಬಳಿ ಕಾಗೆ ತಲೆಕೆಳಗಾಗಿ ತೂಗುತ್ತಿತ್ತು. ನಿಜವಾದ ಕಾಗೆಗಳು ಒಂದು ಗಳಿಗೆ ಮೇಲೆ ಸುತ್ತಿ, ಬಾಯಿಗೆ ಬಂದ ಹಾಗೆ ಬೈದು, ಕೆರೆಯ ಆಚೆ ದಡದ ನೀಲಗಿರಿ ತೋಪಿಗೆ ಹೊರಟುಹೋದವು.

ಊರಿನ ದೊಡ್ಡವರು ಯಾರೂ ತಲೆಯೆತ್ತಿ ನೋಡಲಿಲ್ಲ. ಹಬ್ಬದ ವಾರ, ಎಲ್ಲರ ತಲೆಯೂ ಒಲೆಯ ಕಡೆ ಬಗ್ಗಿತ್ತು. ಭದ್ರಮ್ಮ ಮುಸುರೆ ಅನ್ನ ಎಸೆದಾಗ ನಾಯಿಗಳು ಬಂದು ತಿಂದದ್ದನ್ನು ನೋಡಿದಳು. ಇವತ್ಯಾಕೋ ಕಾಗೆ ಕಾಣೆವಲ್ಲ ಅಂದುಕೊಂಡಳು. ಅಷ್ಟರಲ್ಲಿ ಮನೆಯಲ್ಲಿ ನೆನೆಹಾಕಿದ ಅಕ್ಕಿ ಜ್ಞಾಪಕ ಬಂತು. ಕಜ್ಜಾಯದ ಕೆಲಸ ಹಗುರದ್ದಲ್ಲ. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಹಿಟ್ಟು ಮಾಡಿ, ಬೆಲ್ಲದ ಪಾಕ ಎಳೆ ಹದಕ್ಕೆ ಬಂದಾಗ ಕಲಸಿಡಬೇಕು. ಪಾಕ ಒಂದು ಚೂರು ಹೆಚ್ಚಾದರೆ ಕಲ್ಲು, ಕಡಿಮೆಯಾದರೆ ಎಣ್ಣೆಯಲ್ಲಿ ಒಡೆದು ಹೋಗುತ್ತದೆ. ಅವಳು ಮೂರು ಸಲ ಪಾಕ ಚೆಲ್ಲಿ ನಾಲ್ಕನೇ ಸಲ ಒಪ್ಪಿದಳು. ಚೆಲುವಯ್ಯ ಇದ್ದಾಗ ಒಂದೇ ಸಲಕ್ಕೆ ಒಪ್ಪುತ್ತಿದ್ದಳು.

ಅಮಾವಾಸ್ಯೆ ಬಂತು. ಸುಮನಾ ಮಿಸ್ಸನ್ನು ಭದ್ರಮ್ಮ ಊಟಕ್ಕೆ ಕರೆದಿದ್ದಳು, ಅವರು ರಜೆಯ ದಿನವೂ ಬಸ್ಸು ಹಿಡಿದು ಬಂದರು. ಮಾಳಿಗೆಯ ಮೇಲೆ ಎಲೆ ಹಾಸಿ ಭದ್ರಮ್ಮ ಮುದ್ದೆ, ಬಾಡಿನ ಸಾರು, ವಡೆ, ಒಂದು ಕಟ್ಟು ಬೀಡಿ ಇಟ್ಟಳು. ಎಲ್ಲಕ್ಕಿಂತ ಮೇಲೆ ಕಜ್ಜಾಯ, ಹೋದ ವರ್ಷ ಅಟ್ಟ ಹತ್ತಿಸಿದ್ದ ಅದೇ ಡಬ್ಬಿಯ ತುಂಬ ಮಾಡಿದ್ದಷ್ಟೂ. ಪಕ್ಕದ ಮಾಳಿಗೆಯಲ್ಲಿ ಮಾಯಣ್ಣ ಅವನ ಅಪ್ಪನಿಗೆ ಇಟ್ಟ ಎಲೆಯಲ್ಲಿ ನಶ್ಯದ ಡಬ್ಬಿ ಇತ್ತು, ಪುಟ್ಟ ಬಾಟ್ಲಿ ಇತ್ತು, ಮುದುಕ ಬದುಕಿದ್ದಾಗ ಒಂದು ದಿನವೂ ಹಾಕಿಕೊಳ್ಳದಿದ್ದ ಕಿವಿಯ ಮಿಷನ್ನೂ ಇತ್ತು. ಕರೆದರೆ ಕೇಳಿಸಲಿ ಅಂತ.

ಕರೆದರು. ಬರಲಿಲ್ಲ.

ಮೊದಲಿಗೆ ಎಲ್ಲರೂ ತಮ್ಮ ತಮ್ಮ ಮನೆಯ ವಿಷಯ ಅಂದುಕೊಂಡು ಗುಟ್ಟಾಗಿಟ್ಟರು. ನಮ್ಮ ತಾತನಿಗೆ ಏನೋ ಬೇಜಾರಾಗಿದೆ ಎಂದು ಬೀದಿಯಲ್ಲಿ ಹೇಳಿಕೊಳ್ಳುವುದು ಹೇಗೆ. ಹೊತ್ತು ನೆತ್ತಿಗೆ ಬಂದ ಮೇಲೆ ನೋಡಿದರೆ ಎಲ್ಲರ ಮಾಳಿಗೆಯ ಮೇಲೂ ಜನ ನಿಂತು ಕಾ ಕಾ ಎನ್ನುತ್ತಿದ್ದಾರೆ. ಊರಿನ ಗಂಡಸರು ಹೆಂಗಸರು ಕೂಗಿದರೂ ಒಂದು ಕಾಗೆಯೂ ಓಗೊಡಲಿಲ್ಲ. ಒಬ್ಬ ಮೊಬೈಲಿನಲ್ಲಿ ಕಾಗೆಯ ಕೂಗು ಹುಡುಕಿ ಜೋರಾಗಿ ಹಾಕಿದ. ಅದರಲ್ಲಿ ಮೊದಲು ಬನಿಯನ್ನಿನ ಜಾಹೀರಾತು ಬಂತು, ಆಮೇಲೆ ಕಾಗೆ ಕೂಗಿತು, ಊರಿನ ನಾಯಿಗಳೆಲ್ಲ ಬಂದು ಕೆಳಗೆ ಸೇರಿದವು. ಮಾಯಣ್ಣ ಇಬ್ಬರನ್ನು ಬೈಕಿನಲ್ಲಿ ಗುಡೇಮಾರನಹಳ್ಳಿಗೆ ಕಳಿಸಿದ. ಅಲ್ಲಿಂದ ಇಲ್ಲಿಯ ತನಕ ದಾರಿಯಲ್ಲಿ ವಡೆ ಚೆಲ್ಲುತ್ತಾ ಬಂದರೆ ಕಾಗೆಗಳು ಹಿಂದೆ ಬರುತ್ತವೆ ಎಂಬುದು ಅವನ ಲೆಕ್ಕ. ಗುಡೇಮಾರನಹಳ್ಳಿಯ ಕಾಗೆಗಳಿಗೆ ಅವತ್ತು ತಮ್ಮ ಊರಿನ ಊಟವನ್ನೇ ಮುಗಿಸಲು ಆಗುತ್ತಿರಲಿಲ್ಲ. ಬೈಕಿನವರು ಖಾಲಿ ಚೀಲ ತಂದರು. ಅರ್ಧ ವಡೆ ಇವರೇ ತಿಂದಿದ್ದಾರೆ ಎಂದು ಊರು ಅನುಮಾನಪಟ್ಟಿತು.

ಹಸಿವಿಗೆ ಮಕ್ಕಳು ಅಳುತ್ತಿದ್ದವು. ನವ್ಯಶ್ರೀ ಮತ್ತು ಮಿಸ್ಬಾ ಮಾತ್ರ ಜಗಲಿಯ ಮೇಲೆ ಕೂತು, ಊರು ಇಷ್ಟು ಚೊಕ್ಕವಾಗಿರುವುದಕ್ಕೆ ಯಾರೂ ತಮ್ಮನ್ನು ಹೊಗಳುತ್ತಿಲ್ಲವಲ್ಲ ಎಂದು ನೋಡುತ್ತಿದ್ದರು.

ಭದ್ರಮ್ಮ ಮಾಳಿಗೆಯಿಂದ ಇಳಿದು ಕಂಬಕ್ಕೆ ಒರಗಿ ನಿಂತಿದ್ದಳು. ಊರಿಗೆ ಊರೇ ಕಾಗೆಯಿಲ್ಲ, ಇದು ನನ್ನೊಬ್ಬಳ ಮೇಲಿನ ಕೋಪ ಅಲ್ಲ ಎಂದು ಅವಳು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವಳಿಗೆ ಹೊಳೆದದ್ದು ಬೇರೆ. ಇವನು ಅಲ್ಲಿಗೆ ಹೋಗಿ ಎಲ್ಲರ ತಲೆ ಕೆಡಿಸಿದ್ದಾನೆ, ಯಾರೂ ಹೋಗಬೇಡಿ ಅಂತ ಕಟ್ಟುಮಾಡಿದ್ದಾನೆ. ಬದುಕಿದ್ದಾಗಲೂ ಯಾರೂ ಹಾಲು ಹಾಕಬೇಡಿ ಎಂದು ಡೈರಿಯಲ್ಲಿ ಹೀಗೇ ಮಾಡಿದ್ದ.

ಮಾಯಣ್ಣ ಬೇಸರಕ್ಕೆ ಜಗಲಿಯ ಮೇಲೆ ಅಂಗಾತ ಮಲಗಿದ. ಮಲಗಿದ್ದರಿಂದ ಮೇಲೆ ನೋಡಿದ. ಹುಣಸೆ ಮರದ ಕೊಂಬೆಯಲ್ಲಿ ಏನೋ ತೂಗುತ್ತಿತ್ತು. ಬಹಳ ಹೊತ್ತು ನೋಡಿದ.

"ಅದು ನನ್ ಕಂಬ್ಳಿ ಕಣ್ಲಾ" ಎಂದ, ಯಾರಿಗೂ ಅಲ್ಲದ ಹಾಗೆ.

ಆಮೇಲೆ ಎಲ್ಲ ಬೇಗ ಹೊರಬಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಮುಚ್ಚಿಡುವುದೇನೂ ಅವರಿಗೆ ಇರಲಿಲ್ಲ. ಯಾವ ಮರಕ್ಕೆ ಯಾರು ಹತ್ತಿದರು, ಯಾವ ಕಾಗೆಗೆ ಯಾವ ಬಣ್ಣದ ಗುಂಡಿ, ಎಲ್ಲ ಹೆಮ್ಮೆಯಿಂದ ಹೇಳಿದರು. ಯಾರು ಹೇಳಿಕೊಟ್ಟದ್ದು ಎಂದು ಮಾಯಣ್ಣ ಕೇಳಿದಾಗ ಇಡೀ ಐದನೇ ಕ್ಲಾಸು ಒಂದೇ ಬೆರಳಿನಿಂದ ಸುಮನಾ ಮಿಸ್ಸನ್ನು ತೋರಿಸಿತು.

"ಮೇಡಮ್ನೋರೆ, ನೀವು ಕಲ್ತೋರು. ಪಕ್ಸದ್ ವಾರದಲ್ಲಿ ಕಾಗೆ ಓಡ್ಸಿ ಅಂತ ಪಾಠ ಮಾಡೀರಾ?"

ಮಿಸ್ಸಿನ ಮುಖ ಕಪ್ಪಿಟ್ಟಿತು. ಓಡಿಸಿ ಎಂದು ತಾನು ಹೇಳಿಯೇ ಇಲ್ಲ, ಕಥೆ ಅರ್ಧ ಮಾತ್ರ ಆಗಿತ್ತು, ಬೆಲ್ ಹೊಡೆಯಿತು, ಆಮೇಲೆ ತರಬೇತಿ ಎಂದರು. ಯಾವ ವಿಷಯದ ತರಬೇತಿ ಎಂದು ಯಾರೋ ಕೇಳಿದರು. ಪುರಾಣ ಕಥೆಗಳನ್ನು ಪರಿಣಾಮಕಾರಿಯಾಗಿ ಹೇಳುವುದು ಹೇಗೆ ಎಂಬ ವಿಷಯದ್ದು ಎಂದು ಮಿಸ್ಸು ಸಣ್ಣ ದನಿಯಲ್ಲಿ ಹೇಳಿದರು.

ಒಬ್ಬ ಹೆಂಗಸು, ಅಷ್ಟು ಪರಿಣಾಮ ಸಾಕು ಎಂದಳು.

"ಮಿಕ್ಕಿದ್ದೂ ಹೇಳ್ಬುಡಿ ಮತ್ತೆ" ಎಂದಳು ಭದ್ರಮ್ಮ. ಅವಳು ಅಷ್ಟು ಹೊತ್ತಿಗೆ ಆಡಿದ ಮೊದಲ ಮಾತು ಅದು. "ಆ ಕಡ್ಡಿ ಕೊನೆಗೆ ಏನ್ ಮಾಡ್ತು? ನಂಗೂ ಒಂದ್ ವಾರದಿಂದ ನಿದ್ದೆ ಇಲ್ಲ."

ಹುಣಸೆ ಮರದ ಕೆಳಗೆ, ಹಸಿದ ಊರಿನ ಮುಂದೆ, ಮಿಸ್ಸು ಉಳಿದ ಪಾಠ ಮಾಡಿದರು. ಮೂರು ಲೋಕ ಸುತ್ತಿ ಸೋತ ಕಾಗೆ ಕಡೆಗೆ ವಾಪಸು ರಾಮನ ಹತ್ತಿರವೇ ಬಂತು. ಹೋಗಲು ಬೇರೆ ಜಾಗವಿರಲಿಲ್ಲ. ಕಾಲಿಗೆ ಬಿತ್ತು. ಸೀತೆ, ಹೋಗಲಿ ಬಿಡಿ ಎಂದಳು. ರಾಮನಿಗೂ ಸಿಟ್ಟು ಇಳಿದಿತ್ತು. ಆದರೆ ಬಿಟ್ಟ ಬಾಣ ಸುಮ್ಮನೆ ಹಿಂದಕ್ಕೆ ಬರುವುದಿಲ್ಲ, ಏನಾದರೂ ತೆಗೆದುಕೊಳ್ಳಲೇಬೇಕು. ಅದಕ್ಕೆ ಕಾಗೆಯ ಒಂದು ಕಣ್ಣು ಮಾತ್ರ ತೆಗೆದುಕೊಂಡು ಪ್ರಾಣ ಉಳಿಸಿತು. ಅವತ್ತಿನಿಂದ ಕಾಗೆ ಹೀಗೆ ತಲೆ ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ ಎಂದು ಮಿಸ್ಸು ತಲೆ ವಾರೆ ಮಾಡಿ ತೋರಿಸಿದರು.

"ಅಂಗಾದ್ರೆ ಮಾಫಿ ಆಗೋಗಿತ್ತಾ?" ಎಂದಳು ಮಿಸ್ಬಾ.

"ಆಗಿತ್ತು."

ಮಿಸ್ಬಾಗೆ ಅಳು ಬಂತು. ಮಾಫಿ ಆದವರಿಗೆ ನಾವು ಕಾಟ ಕೊಟ್ಟೆವು ಎಂದಳು. ನವ್ಯಶ್ರೀ ಅಳಲಿಲ್ಲ, ಶನಿವಾರವೇ ಒಸಿ ಬೇಗ ಬೇಗ ಹೇಳಿದ್ದರೆ ನಮಗೆ ಈ ಕೆಲಸ ಇರುತ್ತಿರಲಿಲ್ಲ ಎಂದು ಮಿಸ್ಸಿಗೇ ಬುದ್ಧಿ ಹೇಳಿದಳು. ಮಕ್ಕಳು ಮರ ಹತ್ತಿ ಕಂಬಳಿ ಕಾಗೆಗಳನ್ನು ಇಳಿಸಿದರು. ಮಾಯಣ್ಣ ಒಂದೊಂದನ್ನೇ ಜೋಡಿಸಿ ನೋಡಿ, ಇನ್ನು ಇದನ್ನು ಹೊದೆಯುವ ಹಾಗಿಲ್ಲ, ಗುಂಡಿ ಚುಚ್ಚುತ್ತದೆ ಎಂದ. ಆಮೇಲೆ ಮಿಸ್ಸನ್ನು ಮುಂದಿಟ್ಟುಕೊಂಡು ಐದನೇ ಕ್ಲಾಸು ಕೆರೆ ಏರಿಗೆ ಹೋಗಿ, ನೀಲಗಿರಿ ತೋಪಿಗೆ ಮುಖ ಮಾಡಿ, ಕಿವಿ ಹಿಡಿದು ಬಸ್ಕಿ ಹೊಡೆಯಿತು. ಮಿಸ್ಸೂ ಹೊಡೆದರು. ತಪ್ಪಾಯ್ತು ಎಂದು ಎಲ್ಲರೂ ಕೂಗಿ ಹೇಳಿದರು. ತೋಪಿನಲ್ಲಿ ಕಾಗೆಗಳು ಕೊಂಬೆ ತುಂಬ ಕೂತು ನೋಡುತ್ತಿದ್ದವು, ತಲೆ ವಾರೆ ಮಾಡಿಕೊಂಡು. ಒಂದೂ ಹಾರಲಿಲ್ಲ. ಕಾಗೆಗೆ ಮುಖದ ಗುರುತು ಚೆನ್ನಾಗಿ ಉಳಿಯುತ್ತದೆ, ಆ ಮಕ್ಕಳಿದ್ದ ಕಡೆ ಅವು ಬರುವುದುಂಟೇ.

ಅವರು ಮುಖ ಇಳಿಬಿಟ್ಟು ವಾಪಸು ಬರುವ ಹೊತ್ತಿಗೆ ಊರಲ್ಲಿ ತೀರ್ಮಾನವಾಗಿತ್ತು. ಮಾಯಣ್ಣನ ಕಾಂಪೌಂಡಿನ ಮೇಲೆ ಒಂದು ಕೆಂಬೂತ ಕುಪ್ಪಳಿಸಿಕೊಂಡು ಬಂದು, ಮಾಳಿಗೆ ಹತ್ತಿ, ಅವನ ಅಪ್ಪನ ಎಲೆಯಿಂದ ಒಂದು ಬಾಡಿನ ತುಂಡು ಎತ್ತಿಕೊಂಡು ಹೋಗಿತ್ತು. ಕೆಂಬೂತದ ಮೈ ಕರಿ, ರೆಕ್ಕೆ ಕೆಂಪು. ಕಾಗೆ ಹೌದೋ ಅಲ್ಲವೋ ಎಂದು ಊರು ಎರಡು ಭಾಗವಾಯಿತು. ತಲೆಯಿಂದ ನೋಡಿದರೆ ಕಾಗೆ, ರೆಕ್ಕೆಯಿಂದ ನೋಡಿದರೆ ಅಲ್ಲ. ಮುಟ್ಟಿದ್ದು ಕೊಕ್ಕಿನಿಂದ, ಕೊಕ್ಕು ತಲೆಯಲ್ಲಿ ಇದೆ, ಆದ್ದರಿಂದ ಮುಟ್ಟಿದ್ದು ಕಾಗೆಯೇ ಎಂದು ಮಾಯಣ್ಣ ನ್ಯಾಯ ಹೇಳಿದ. ಅದು ಒಬ್ಬರ ಎಲೆ ಮುಟ್ಟಿದರೆ ಎಲ್ಲರ ಎಲೆ ಮುಟ್ಟಿದ ಹಾಗೆ ಎಂದೂ ಸೇರಿಸಿದ. ಇದಕ್ಕೆ ಯಾರೂ ಎದುರಾಡಲಿಲ್ಲ. ಮನೆಮನೆಯಲ್ಲೂ ತಟ್ಟೆಗಳ ಸದ್ದಾಯಿತು.

ಮಾಯಣ್ಣ ಚೆಲುವಯ್ಯನಿಗೆ ಚಿಕ್ಕಪ್ಪನ ಮಗ. ಬಾಯೊರೆಸಿಕೊಂಡು ಬಂದು ಭದ್ರಮ್ಮನ ಬಾಗಿಲಲ್ಲಿ ನಿಂತ.

"ಉಣ್ಣು ಅತ್ಗೆ. ಆಯ್ತಲ್ಲ."

"ನಿಮ್ಮಪ್ಪ ಕೆಂಬೂತ್ವಾಗಿ ಬಂದಿದ್ರೆ ಬರ್ಲಿ ಕಣಪ್ಪ. ನಶ್ಯ ಹಾಕಿ ಹಾಕಿ ಅವ್ರ ಮೀಸೆ ಮೊದ್ಲೆ ಕೆಂಪಗಿತ್ತು. ನಿಮ್ಮಣ್ಣ ಅಂಗಿರ್ನಿಲ್ಲ."

"ಅಣ್ಣ ತಿಂದಾಯ್ತು ಅನ್ಕೊ."

"ನಿಮ್ಮಣ್ಣ ತಿಂದಿಲ್ಲ. ತಿನ್ನಕಿಲ್ಲ ಅಂದಿದ್ದ, ತಿಂದಿಲ್ಲ."

ಕೆಂಬೂತವನ್ನು ಬೇಕಾದರೆ ಈ ಕಡೆಗೂ ಓಡಿಸುತ್ತೇನೆ ಎಂದು ಹೇಳಿ ಮಾಯಣ್ಣ ಹೋದ. ಸುಮನಾ ಮಿಸ್ಸು ಒಳಗೆ ಗೋಡೆಗೆ ಒರಗಿ ಕೂತಿದ್ದರು. ಅವರೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ತಿನ್ನಿ ಎಂದರೆ ತಿನ್ನಲಿಲ್ಲ. ನನ್ನಿಂದಲೇ ಆದದ್ದು ಎಂದು ಒಂದೇ ಮಾತು ಹೇಳುತ್ತಿದ್ದರು. ಭದ್ರಮ್ಮನಿಗೆ ಅದನ್ನು ಕೇಳಿ ಕೇಳಿ ಸಾಕಾಯಿತು. ಮಾಳಿಗೆ ಹತ್ತಿದಳು.

ಬಿಸಿಲು ಇಳಿಮುಖವಾಗಿತ್ತು. ಎಲೆಯ ಅಂಚು ಬಾಡಿ ಸುರುಟಿತ್ತು. ಮುದ್ದೆಯ ಮೇಲೆ ಇರುವೆ ಹತ್ತಿದ್ದವು. ಕಜ್ಜಾಯಕ್ಕೂ ಹತ್ತುವುದರಲ್ಲಿದ್ದವು, ಅವಳು ಊದಿ ಓಡಿಸಿದಳು. ಎಲೆಯ ಪಕ್ಕದಲ್ಲಿ ಕಾಲು ನೀಡಿ ಕೂತಳು. ಕೆರೆಯ ಕಡೆಗೆ ಮುಖ ಮಾಡಿದಳು. ಕಾ ಕಾ ಎಂದು ಕೂಗಲು ಮನಸ್ಸಾಗಲಿಲ್ಲ. ಬೆಳಗಿನಿಂದ ಕೂಗಿ ಗಂಟಲು ಕಟ್ಟಿತ್ತು.

"ಏನು, ಇನ್ನೂ ಇಳಿದಿಲ್ವಾ ನಿನ್ ಸೆಡವು" ಎಂದಳು. ಮನೆಯೊಳಗೆ ಎದುರಿಗೆ ಕೂತವನ ಹತ್ತಿರ ಆಡುವ ದನಿಯಲ್ಲೇ. "ವರ್ಸ ಆಗ್ತಾ ಬಂತು. ಒಂದ್ ಕಜ್ಜಾಯಕ್ಕೆ ಇಷ್ಟು ದಿನನಾ? ನಾನೇನು ಸೋಕಿಗ್ ಬಚ್ಚಿಟ್ನಾ? ನೀನು ಇನ್ನೊಂದೊಸಿ ವರ್ಸ ಇರ್ಲಿ ಅಂತ ಬಚ್ಚಿಟ್ಟೆ. ನೀನು ಇರ್ನಿಲ್ಲ. ಕಜ್ಜಾಯನೂ ತಿನ್ಲಿಲ್ಲ. ಅಲ್ಲಿಗೆ ಇಬ್ರುದೂ ಹೋಯ್ತು."

ಗಾಳಿಗೆ ಬೀಡಿಯ ಕಟ್ಟು ಉರುಳಿತು. ಅವಳು ಹಿಡಿದು ವಾಪಸು ಎಲೆಗೆ ಇಟ್ಟಳು.

"ಮೂರು ದಪ ಪಾಕ ಚೆಲ್ಲಿವ್ನಿ ನಿನ್ ಸಲ್ವಾಗಿ. ಬ್ಯಾಡ್ವಾ? ಬ್ಯಾಡ ಬುಡು. ನಂಗ್ ಹಸೀತೈತೆ. ನಾನ್ ತಿಂತೀನಿ, ಕೂತ್ಕೊಂಡ್ ನೋಡು."

ಎಡೆಯ ಎಲೆಗೆ ಕೈ ಹಾಕುವುದು ಮಾಡಬಾರದ ಕೆಲಸ. ಭದ್ರಮ್ಮ ಕೈ ಹಾಕಿದಳು. ಮೇಲಿನ ಕಜ್ಜಾಯ ತೆಗೆದುಕೊಂಡಳು, ಎಲ್ಲಕ್ಕಿಂತ ದುಂಡಗೆ ಬಂದದ್ದು ಅದೇ. ಬಾಯಿಯ ಹತ್ತಿರ ಒಯ್ದಳು.

ಹಿಂದಿನಿಂದ ಏನೋ ಬಂದು ಕಿವಿಗೆ ಬಡಿಯಿತು. ಸೆರಗು ಹಾರಿ ಮುಖದ ಮೇಲೆ ಬಿತ್ತು. ಬೆರಳಿಗೆ ಚುರುಕ್ ಎಂದಿತು. ಸೆರಗು ಸರಿಸಿ ನೋಡಿದರೆ ಕೈ ಖಾಲಿ.

ಕಾಗೆ ಮಾಳಿಗೆಯ ಅಂಚಿನಲ್ಲಿ ಕೂತಿತ್ತು. ಒಂದು ಕಾಲಿನಲ್ಲಿ ಕಜ್ಜಾಯವನ್ನು ಅದುಮಿ ಹಿಡಿದು, ಹರಿದು ಹರಿದು ತಿನ್ನುತ್ತಿತ್ತು. ಅಡುಗೆ ಕೋಣೆಯ ಹಿಂದೆ ದಿನಾ ಮುಸುರೆ ಅನ್ನಕ್ಕೆ ಬರುವ ಕಾಗೆಗಳಲ್ಲಿ ಯಾವುದೋ ಒಂದು ಇರಬೇಕು, ಊರಿನವರ ಮುಖಕ್ಕೆಲ್ಲ ಹೆದರಿದ್ದರೂ ಅವಳ ಮುಖಕ್ಕೆ ಹೆದರಬೇಕಾದ ಕಾರಣ ಅದಕ್ಕಿರಲಿಲ್ಲ. ಹಾಗೆಂದು ಆಮೇಲೆ ಮಿಸ್ಸು ಹೇಳಿದರು. ಭದ್ರಮ್ಮ ಅದನ್ನು ಮರ್ಯಾದೆಗೆ ಕೇಳಿಸಿಕೊಂಡಳು. ಆ ಗಳಿಗೆಯಲ್ಲಿ ಅವಳು ಕಂಡದ್ದು ಕಾಗೆ ತಿನ್ನುವ ರೀತಿಯನ್ನು. ಚೆಲುವಯ್ಯನ ಹಾಗೇ ಅಂಚನ್ನು ಬಿಟ್ಟು ನಡುವಿನ ಮೆತ್ತನೆಯದನ್ನು ಮೊದಲು ತಿನ್ನುತ್ತಿತ್ತು. ನಡುನಡುವೆ ಯಾರಾದರೂ ಕಿತ್ತುಕೊಂಡಾರು ಎಂಬಂತೆ ಅವಳ ಕಡೆ ವಾರೆ ನೋಡುತ್ತಿತ್ತು.

"ನಿಧಾನಕ್ ತಿನ್ನು" ಎಂದಳು.

ಕೆಳಗಿನಿಂದ ನವ್ಯಶ್ರೀ ಕೂಗಿದಳು, "ದೊಡ್ಡಮ್ಮ, ಬಂತಾ?"

"ಬಂತು."

"ಎಡೆ ಮುಟ್ತಾ?"

ಭದ್ರಮ್ಮ ಬೆರಳು ನೋಡಿಕೊಂಡಳು. ಉಗುರಿನ ಪಕ್ಕ ಸೀಳಿ ರಕ್ತ ಬಂದಿತ್ತು.

"ಎಡೆಯಿಂದ ಅಲ್ಲ ಕಣಮ್ಮಿ. ನನ್ ಕೈಯಿಂದ್ಲೆ ಕಿತ್ಕೊಂಡ್ ತಿಂತು."

ಈ ಮಾತು ಬೀದಿಯಲ್ಲಿ ಹರಡುವ ಮುಂಚೆಯೇ ಕಾಗೆ ಗಂಟಲೆತ್ತಿ ಕೂಗಿತು. ಕೆರೆಯ ಆಚೆಯಿಂದ ಉಳಿದವು ಎದ್ದವು. ಎಲೆಗಳ ಮೇಲೆ ಇಳಿದು ಮುದ್ದೆ ಬಾಡು ವಡೆ ಎಲ್ಲ ಎಳೆದಾಡಿದವು. ಮಾಯಣ್ಣನ ಅಪ್ಪನ ಕಿವಿಯ ಮಿಷನ್ನನ್ನು ಒಂದು ಕಾಗೆ ಎತ್ತಿಕೊಂಡು ಹೋಯಿತು. ಬಾಯಲ್ಲಿ ಎರಡನೇ ಸಲದ ಊಟ ಇಟ್ಟುಕೊಂಡೇ ಮಾಯಣ್ಣ ಬೀದಿಗೆ ಬಂದು, ಕೆಂಬೂತ ಬಂದದ್ದು ಅಪ್ಪ ಅಲ್ಲ, ಅಪ್ಪನ ಪಿ.ಎ. ಎಂದು ಹಳೆಯ ತೀರ್ಪನ್ನು ತಿದ್ದಿದ. ಐದನೇ ಕ್ಲಾಸು ಬಸ್ಕಿ ಫಲಿಸಿತು ಎಂದು ಕುಣಿಯಿತು. ಮಿಸ್ಬಾ ಪ್ರತಿ ಕಾಗೆಗೂ ಬೇರೆಬೇರೆಯಾಗಿ ಸಾರಿ ಹೇಳುತ್ತಾ ಹೋದಳು.

ಭದ್ರಮ್ಮ ಇಳಿದು ಬಂದಳು. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಒಲೆ ಹೊತ್ತಿಸಿ ಬಿಸಿ ಮಾಡಿದಳು. ಏಳಿ ಮಿಸ್ಸೋರೆ ಎಂದು ಎರಡು ಎಲೆ ಹಾಕಿದಳು. ಇಬ್ಬರೂ ಉಣ್ಣತೊಡಗಿದರು. ಖಾರ ತಗುಲಿ ಸೀಳಿದ ಬೆರಳು ಉರಿಯುತ್ತಿತ್ತು, ಅವಳು ತುತ್ತಿಗೊಮ್ಮೆ ಉಸ್ ಎನ್ನುತ್ತಿದ್ದಳು. ಮಿಸ್ಸು ಚಮಚ ತರಲಾ ಎಂದು ಕೇಳಿದರು.

ಬೇಡ, ಉರೀಲಿ ಬುಡಿ ಎಂದಳು.